ಎರಡನೇ ಫಾರ್ಮಾದಲ್ಲಿ ಬಂದವಳು

ಗಲಗಲಿ ವಕೀಲರನ್ನು ಕೊಂದವರು ಯಾರು ಎಂಬುದು ಗದಗಿನಲ್ಲಿ ಒಂಬತ್ತು ದಿನಗಳಿಂದ ಎಲ್ಲರಿಗೂ ಗೊತ್ತಿತ್ತು. ಖಾನಾವಳಿಯ ಫಕೀರವ್ವ. ಹಾಗೆಂದು ಹೇಳಿದ್ದು ಪೊಲೀಸರೂ ಅಲ್ಲ, ನೆರೆಮನೆಯವರೂ ಅಲ್ಲ, ‘ಪ್ರತ್ಯಕ್ಷ’ ಎಂಬ ಯಂತ್ರ. ಪ್ರತ್ಯಕ್ಷ ಹೇಳಿದ ಮೇಲೆ ಮುಂದೆ ಮಾತಿಲ್ಲ ಎಂದು ಊರು ಒಪ್ಪಿಕೊಂಡು ಮೂರು ವರ್ಷವಾಗಿತ್ತು. ಇನ್ನು ಬಾಕಿ ಇದ್ದದ್ದು ಒಂದು ಸಹಿ. ಅದನ್ನು ಹಾಕಬೇಕಾದವಳು ಘಟನಾ ಪುನಾರಚನಾ ಕೇಂದ್ರದ ಹಿರಿಯ ಶೋಧಕಿ ನೀಲಗಂಗಾ ಬೆಳವಟಗಿ. ಗಡುವು ಇವತ್ತು ಸಂಜೆ ನಾಲ್ಕು ಗಂಟೆ.

ಪ್ರತ್ಯಕ್ಷ ಮಾಡುವ ಕೆಲಸ ಮೇಲುನೋಟಕ್ಕೆ ಬಹಳ ಸರಳ. ಒಂದು ಸಾವು ಸಂಭವಿಸಿದರೆ ಆ ದಿನದ ರಸ್ತೆಯ ಕ್ಯಾಮೆರಾಗಳು, ಮೊಬೈಲುಗಳ ಓಡಾಟ, ಕರೆಂಟು ಮೀಟರಿನ ಏರಿಳಿತ, ರಕ್ತದ ವರದಿ, ಪಂಚನಾಮೆ, ಸಾಕ್ಷಿಗಳ ಹೇಳಿಕೆ, ಎಲ್ಲವನ್ನೂ ಅದರ ಹೊಟ್ಟೆಗೆ ಹಾಕುತ್ತಾರೆ. ಇಷ್ಟೆಲ್ಲ ಹಾಕಿದರೂ ನಡುನಡುವೆ ತೂತುಗಳು ಉಳಿಯುತ್ತವೆ. ಹನ್ನೆರಡೂ ಹತ್ತಕ್ಕೆ ಓಣಿಯ ಈ ತುದಿಯಲ್ಲಿದ್ದವಳು ಹನ್ನೆರಡೂ ಇಪ್ಪತ್ತಕ್ಕೆ ಆ ತುದಿಯಲ್ಲಿ ಕಂಡರೆ ನಡುವಿನ ಹತ್ತು ನಿಮಿಷ ಏನು ಮಾಡಿದಳು? ಹಿಂದೆ ನಡೆದದ್ದನ್ನು ನೋಡಿ ಮುಂದೆ ಏನು ನಡೆದಿರಬಹುದು ಎಂದು ಯಂತ್ರ ಲೆಕ್ಕ ಹಾಕಿ ತೂತನ್ನು ಮುಚ್ಚುತ್ತದೆ. ಹಾಗೆ ಮುಚ್ಚಿದ್ದಕ್ಕೆ ಕೇಂದ್ರದವರು ‘ಹೊಲಿಗೆ’ ಎನ್ನುತ್ತಿದ್ದರು. ಎಲ್ಲ ಹೊಲಿದಾದ ಮೇಲೆ ಅದೊಂದು ಫಿಲಂ ಕೊಡುತ್ತದೆ. ಅದರಲ್ಲಿ ನಿಜವಾದ ಮುಖಗಳು, ನಿಜವಾದ ಧ್ವನಿಗಳು. ಯಾವುದು ಕ್ಯಾಮೆರಾ ಕಂಡದ್ದು, ಯಾವುದು ಹೊಲಿಗೆ ಎಂದು ಹೆತ್ತ ತಾಯಿಗೂ ಗೊತ್ತಾಗುವುದಿಲ್ಲ. ಇದೆಲ್ಲ ಎಷ್ಟು ಖಚಿತ ಎಂದು ಕೊನೆಗೆ ನೂರಕ್ಕೆ ಇಷ್ಟು ಎಂಬ ಅಂಕ ಬರುತ್ತದೆ. ಅದು ತೊಂಬತ್ತೈದು ದಾಟಿದರೆ, ಶೋಧಕರ ಸಹಿ ಬಿದ್ದರೆ, ಕೋರ್ಟಿಗೆ ಉಳಿಯುವುದು ಶಿಕ್ಷೆ ಎಷ್ಟು ಎಂಬ ಪ್ರಶ್ನೆ ಮಾತ್ರ.

ಫಕೀರವ್ವನದು ತೊಂಬತ್ತೇಳು.

ಬೆಳಿಗ್ಗೆ ಹನ್ನೊಂದಕ್ಕೆ ನೀಲಗಂಗಾ ಆ ಫಿಲಮನ್ನು ಮೂರನೇ ಸಲ ನೋಡುತ್ತಿದ್ದಳು. ಐವತ್ತು ದಾಟಿದ, ಕುಳ್ಳಗಿನ, ಬಿಸಿಲಿಗೆ ಕಂದಿದ ಹೆಂಗಸು ವಕೀಲರ ಬಾಗಿಲಿಗೆ ಬುತ್ತಿ ತರುತ್ತಾಳೆ. ವಕೀಲರು ಖಾಲಿ ಡಬ್ಬಿ ತರಲು ಒಳಗೆ ಹೋಗುತ್ತಾರೆ. ಅವಳು ಅತ್ತಿತ್ತ ನೋಡಿ ಸೊಂಟದಿಂದ ಒಂದು ನೀಲಿ ಸೀಸೆ ತೆಗೆದು ಬೇಳೆಗೆ ಸುರಿಯುತ್ತಾಳೆ. ವಕೀಲರು ಬರುತ್ತಾರೆ, ಅವಳು ನಗುತ್ತಾಳೆ, ಹೋಗುತ್ತಾಳೆ. ಅವರು ಒಳಗಿನಿಂದ ಚಿಲಕ ಹಾಕಿ ಉಂಡು ಮಲಗುತ್ತಾರೆ, ಮತ್ತೆ ಏಳುವುದಿಲ್ಲ. ರಕ್ತದಲ್ಲಿ ಡಿಜಾಕ್ಸಿನ್ ಎಂಬ ಎದೆಬಡಿತದ ಔಷಧ ವಿಪರೀತ ಇತ್ತು ಎಂದು ವರದಿ ಹೇಳಿತ್ತು. ಹಿಂದೆಂದೋ ಒಂದು ಮೊಕದ್ದಮೆಯಲ್ಲಿ ವಕೀಲರು ಫಕೀರವ್ವನ ತಮ್ಮನ ವಿರುದ್ಧ ವಾದಿಸಿದ್ದರು, ಯಂತ್ರ ಅದನ್ನೂ ಹುಡುಕಿ ತೆಗೆದಿತ್ತು. ಸಾವು, ಮುಚ್ಚಿದ ಬಾಗಿಲು, ಹಳೆಯ ಹಗೆ, ಎಲ್ಲವೂ ಅಚ್ಚುಕಟ್ಟು. ಅಷ್ಟು ಅಚ್ಚುಕಟ್ಟಾಗಿದ್ದುದೇ ಅವಳಿಗೆ ಸರಿಕಾಣಲಿಲ್ಲ.

ಆ ನೀಲಿ ಸೀಸೆ ಎಲ್ಲಿಂದ ಬಂತು? ವಶಪಡಿಸಿಕೊಂಡ ವಸ್ತುಗಳಲ್ಲಿ ಸೀಸೆ ಇರಲಿಲ್ಲ. ಯಾವ ಸಾಕ್ಷಿಯೂ ಸೀಸೆಯ ಮಾತೆತ್ತಿರಲಿಲ್ಲ. ಕೇಳಿದರೆ ಯಂತ್ರ ಒಂದೇ ಸಾಲು ತೋರಿಸಿತು: ಹೊಲಿಗೆ ಮೂವತ್ತೊಂದು, ಸಂಭವನೀಯತೆ ಅತಿ ಹೆಚ್ಚು.

ಬೆನ್ನ ಹಿಂದೆ ಕೇಂದ್ರದ ನಿರ್ದೇಶಕ ಡಾ. ಜಯಸಿಂಹ ಬಂದು ನಿಂತರು. ಮೈಸೂರಿನ ಕಡೆಯವರು, ಒಳ್ಳೆಯ ಮನುಷ್ಯ, ಆದರೆ ಯಂತ್ರದ ವಿಷಯ ಬಂದರೆ ಮಗಳ ಮದುವೆ ಮಾಡಿಸುತ್ತಿರುವ ತಂದೆಯ ಹಾಗೆ ಆಡುತ್ತಿದ್ದರು.

“ಏನಮ್ಮಾ ನೀಲಗಂಗಾ, ಇನ್ನೂ ಸೈನ್ ಮಾಡ್ಲಿಲ್ವಾ?”

“ಸರ್, ಈ ನೀಲಿ ಸೀಸೆ ಎಲ್ಲಿಂದ ಬಂತ್ರೀ?”

“ಎಲ್ಲೋ ಎಸೆದಿರ್ತಾಳೆ ಬಿಡಿ. ಕೊಲೆ ಮಾಡಿದವರು ಸೀಸೆನ ಷೋಕೇಸಲ್ಲಿ ಇಡ್ತಾರಾ? ನೋಡಿ, ಇದು ಬಿಟ್ಟು ನಲವತ್ತೊಂದು ಕೇಸ್ ಮಾಡಿದೀವಿ. ಅದ್ರಲ್ಲಿ ಮೂವತ್ತೆಂಟು ಜನ ಫಿಲಂ ನೋಡಿದ ಮೇಲೆ ತಾವೇ ಒಪ್ಕೊಂಡಿದಾರೆ. ಯಾರೂ ಹೊಡೀಲಿಲ್ಲ, ಬಡೀಲಿಲ್ಲ. ಇನ್ನೇನು ಬೇಕು?”

ಅದೂ ನಿಜವೇ. ಆರೋಪಿಗೆ ತನ್ನ ಮೇಲಿನ ಸಾಕ್ಷ್ಯ ನೋಡುವ ಹಕ್ಕಿದೆ ಎಂದು ಕಾನೂನು ಬಹಳ ಮರುಕದಿಂದ ಹೇಳಿತ್ತು. ಅದಕ್ಕೇ ಬಂಧನದ ಕೋಣೆಯಲ್ಲಿ ಫಿಲಂ ದಿನಕ್ಕೆ ಮೂರು ಹೊತ್ತು ಓಡುತ್ತಿತ್ತು. ಫಕೀರವ್ವ ಒಂಬತ್ತು ದಿನಗಳಿಂದ ನೋಡುತ್ತಿದ್ದಳು.

“ಊಟ ಮಾಡಿ ಬಂದು ನೋಡ್ತೀನ್ರೀ ಸರ್,” ಎಂದು ನೀಲಗಂಗಾ ಎದ್ದಳು.

ಮನೆ ಕೇಂದ್ರದಿಂದ ಹತ್ತು ಹೆಜ್ಜೆ. ಅಲ್ಲಿ ಅವಳ ಅತ್ತೆ ಗುರುಸಿದ್ದವ್ವ ಅನ್ನ ಸಾರು ಬಡಿಸಿಕೊಂಡು ಮುಖ ಊದಿಸಿಕೊಂಡು ಕೂತಿದ್ದರು. ಎಪ್ಪತ್ತಾರು ವರ್ಷದ ಮುದುಕಿ. ಊರಿನ ಒಂದು ಛಾಪಖಾನೆಯಲ್ಲಿ ಮೂವತ್ತೆರಡು ವರ್ಷ ಪ್ರೂಫ್ ತಿದ್ದಿದವರು. ಈಗಲೂ ಮದುವೆ ಕಾರ್ಡು ಕೈಗೆ ಬಂದರೆ ಮೊದಲು ತಪ್ಪು ಹುಡುಕಿ ಆಮೇಲೆ ವಧೂವರರ ಹೆಸರು ನೋಡುವ ಪೈಕಿ.

“ರೊಟ್ಟಿ ಇಲ್ಲ. ರೊಟ್ಟಿ ಮಾಡಾಕಿನ್ನ ನೀವು ಒಳಗ ಹಾಕೀರಿ. ಅನ್ನ ಉಣ್ಣು,” ಎಂದರು.

“ನಾ ಹಾಕಿಲ್ಲ ಅತ್ತಿ. ಪ್ರತ್ಯಕ್ಷದಾಗ ಬಂದೈತಿ.”

“ಏನ್ ಬಂದೈತಿ?”

“ಅದನ್ನ ಹೇಳಂಗಿಲ್ಲ.”

“ಹೇಳಬ್ಯಾಡ. ನಾನ ಹೇಳ್ತೀನಿ ಕೇಳು.” ಗುರುಸಿದ್ದವ್ವ ಸಾರಿನ ಸೌಟು ಕೆಳಗಿಟ್ಟರು. “ಹೆಣ ಬಿದ್ದೈತಿ, ಬಾಗಲಾ ಒಳಗಿಂದ ಚಿಲಕ. ಬುತ್ತಿ ತಂದಾಕಿ ಒಂದು ಸಲ ಬಂದು ಹ್ವಾದ್ಲು. ಯಾರೂ ಆಕಿ ಮಾರಿ ಸೈತ ನೋಡಿಲ್ಲ. ಹಳೇ ದ್ವೇಷ ಒಂದು ಐತಿ. ಸೊಂಟದಾಗ ಸೀಸೆ ಐತಿ. ನೀಲಿ ಸೀಸೆ. ಹೌದಲ್ಲ?”

ನೀಲಗಂಗಾ ತಟ್ಟನೆ ತಲೆಯೆತ್ತಿದಳು. ಫಿಲಂ ನೋಡಿದವರು ಕೇಂದ್ರದ ನಾಲ್ಕು ಮಂದಿ, ಕಾವಲಿನ ಪೊಲೀಸರು ಮತ್ತು ಫಕೀರವ್ವ ಮಾತ್ರ. “ಸೀಸೆ ಸುದ್ದಿ ನಿಮಗ ಯಾರ್ ಹೇಳಿದ್ರು?” ಎಂದಳು.

“ಯಾರ್ ಹೇಳಬೇಕು? ನಾನೂರು ಪತ್ತೇದಾರಿ ಪುಸ್ತಕದ ಪ್ರೂಫ್ ತಿದ್ದೀನಿ. ಕಣ್ಣು ಹೋಗ್ಯಾವ, ಬುದ್ಧಿ ಹೋಗಿಲ್ಲ.” ಗುರುಸಿದ್ದವ್ವ ಹುರುಪಿನಿಂದ ಮುಂದಕ್ಕೆ ಬಾಗಿದರು. ಒಂದು ದೊಡ್ಡ ಹಾಳೆ ಅಚ್ಚು ಹಾಕಿ ಮಡಚಿದರೆ ಹದಿನಾರು ಪುಟ, ಅದಕ್ಕೆ ಫಾರ್ಮಾ ಎನ್ನುತ್ತಿದ್ದರು. ಪಾಕೆಟ್ ಕಾದಂಬರಿಗೆ ಎಂಟು ಫಾರ್ಮಾ. ಒಂದು ಪುಟ ಹೆಚ್ಚಿಲ್ಲ, ಒಂದು ಪುಟ ಕಡಿಮೆಯಿಲ್ಲ. “ಮೊದಲನೇ ಫಾರ್ಮಾದಾಗ ಹೆಣ. ಎರಡನೇದರಾಗ ಕೊಲಿ ಮಾಡಿದವ್ರು ಒಮ್ಮೆ ಬಂದು ಹೋಗಬೇಕು, ಚಾ ಕೊಡಾಕ, ಬುತ್ತಿ ಕೊಡಾಕ, ಪೇಪರ್ ಹಾಕಾಕ. ಓದಾವ ಮರತಬಿಡಬೇಕು. ಆಮ್ಯಾಲ ಐದು ಫಾರ್ಮಾ ಅಳಿಯನ ಮ್ಯಾಲ, ಪಾರ್ಟನರ್ ಮ್ಯಾಲ ಸಂಶಯ. ಎಂಟನೇದರಾಗ ಚಾ ತಂದಾಕಿನ್ನ ಹಿಡೀಬೇಕು. ಬರಿಯಾವ್ರು ಅವಸರದಾಗ ಮರತ್ರ ನಾನ ಇಪ್ಪತ್ತನೇ ಪುಟದಾಗ ಎರಡು ಸಾಲು ಸೇರಿಸೀನಿ. ‘ಅಷ್ಟರಲ್ಲಿ ಆಳು ಚಹಾ ತಂದಿಟ್ಟು ಹೋದಳು.’ ಎಷ್ಟು ಪುಸ್ತಕದಾಗ ಸೇರಿಸೀನೋ ದೇವರಿಗ ಗೊತ್ತು.”

“ಸೀಸೆ ಯಾಕ ನೀಲಿ?”

“ಮುಖಪುಟಕ್ಕ ಎರಡ ಬಣ್ಣ. ಕೆಂಪು ರಕ್ತಕ್ಕ ಹೋತು. ಉಳಿದದ್ದೆಲ್ಲಾ ನೀಲಿ. ಮೊದಲು ಮುಖಪುಟ ಅಚ್ಚಾಗ್ತಿತ್ತು, ಅದನ್ನ ನೋಡಿ ಒಳಗ ಬರೀತಿದ್ರು.”

ನೀಲಗಂಗಾ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಆ ಪುಸ್ತಕಗಳೆಲ್ಲ ಈಗೆಲ್ಲಿವೆ ಎಂದು ಅವಳು ಕೇಳಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ. ಎಂಟು ವರ್ಷದ ಹಿಂದೆ ಅಟ್ಟದಿಂದ ಏಳು ಚೀಲ ಇಳಿಸಿ ಕೇಂದ್ರಕ್ಕೆ ಸಾಗಿಸಿದವಳು ಅವಳೇ.

ಆಗ ಪ್ರತ್ಯಕ್ಷ ಇನ್ನೂ ಕನ್ನಡ ಕಲಿಯುತ್ತಿತ್ತು. ಕಲಿಸಲು ಇದ್ದದ್ದು ಪೊಲೀಸ್ ಕಡತಗಳು. ‘ಸದರಿ ಆರೋಪಿಯು ಸದರಿ ಸ್ಥಳಕ್ಕೆ ಸದರಿ ವೇಳೆಯಲ್ಲಿ’ ಎಂಬ ಕನ್ನಡ ಕಲಿತ ಯಂತ್ರಕ್ಕೆ ಜನ ಬಾಯಿಬಿಟ್ಟರೆ ಒಂದಕ್ಷರ ಅರ್ಥವಾಗುತ್ತಿರಲಿಲ್ಲ. ಮನುಷ್ಯರು ಹೇಗೆ ಜಗಳಾಡುತ್ತಾರೆ, ಹೇಗೆ ಸುಳ್ಳು ಹೇಳುತ್ತಾರೆ, ಯಾವುದನ್ನು ಮುಚ್ಚಿಡುತ್ತಾರೆ ಎಂಬುದು ಕಡತದಲ್ಲಿ ಎಲ್ಲಿ ಸಿಗಬೇಕು? ಹೊಸದಾಗಿ ಕೆಲಸಕ್ಕೆ ಸೇರಿದ್ದ ನೀಲಗಂಗಾ ಮನೆಯ ಚೀಲಗಳನ್ನು ತಂದು ಸ್ಕ್ಯಾನ್ ಮಾಡಿ ಹಾಕಿದಳು. ಯಂತ್ರ ತಿಂಗಳೊಳಗೆ ಸೊಗಸಾಗಿ ಮಾತಾಡತೊಡಗಿತು. ಎಲ್ಲರೂ ಅವಳ ಬೆನ್ನು ತಟ್ಟಿದರು. ನಮೂನೆಯಲ್ಲಿ ‘ವಿಷಯ’ ಎಂಬ ಕಾಲಂ ಇತ್ತು, ಅವಳು ‘ಅಪರಾಧ’ ಎಂದು ತುಂಬಿದ್ದಳು. ಮುಂದಿನ ಕಾಲಮ್ಮಿನಲ್ಲಿ ‘ಭಾಷೆ ಕಲಿಸಲು ಮಾತ್ರ, ಕಲ್ಪಿತ’ ಎಂದು ಬರೆಯಬೇಕಿತ್ತು. ಅದನ್ನು ಖಾಲಿ ಬಿಟ್ಟಿದ್ದಳು. ಅದು ಕಥೆ ಎಂದು ಯಾರಿಗೆ ತಾನೇ ಗೊತ್ತಿಲ್ಲ ಎಂದುಕೊಂಡಿದ್ದಳು. ಯಂತ್ರಕ್ಕೆ ಗೊತ್ತಿರಲಿಲ್ಲ.

ಇನ್ನೊಂದು ಮಾತೂ ಅವಳಿಗೆ ನೆನಪಾಯಿತು. ಪತ್ತೆಯಾಗದ ಪ್ರಕರಣಗಳ ಕಡತಗಳನ್ನು ಉಪಯೋಗವಿಲ್ಲವೆಂದು ತೆಗೆದುಹಾಕಿದ್ದರು. ಕಾಯಿಲೆಯಿಂದಲೋ ಕೈತಪ್ಪಿನಿಂದಲೋ ಸತ್ತವರ ಕಡತಗಳು ಅಪರಾಧವಲ್ಲ ಎಂದು ಕೇಂದ್ರಕ್ಕೆ ಬಂದೇ ಇರಲಿಲ್ಲ. ಅಂದರೆ, ಕೊಂದವರಿಲ್ಲದೆಯೂ ಮನುಷ್ಯ ಸಾಯುತ್ತಾನೆ ಎಂಬುದನ್ನು ಆ ಯಂತ್ರಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ.

“ಅತ್ತಿ, ಪ್ರೂಫಿನಾಗ ತಪ್ಪು ಹೆಂಗ ಹಿಡೀತಿದ್ರಿ?” ಎಂದು ಕೈ ತೊಳೆಯುತ್ತ ಕೇಳಿದಳು.

“ಕಥಿ ಓದಿದ್ರ ತಪ್ಪು ಕಾಣಂಗಿಲ್ಲವಾ. ಕಥಿ ಎಳಕೊಂಡು ಹೋಗ್ತೈತಿ. ಕೊನಿಯಿಂದ ಹಿಂದಕ್ಕ ಓದಬೇಕು, ಒಂದೊಂದ ಶಬ್ದ.” ಸೊಸೆಯ ಮುಖ ನೋಡಿ ಅವರು ದನಿ ತಗ್ಗಿಸಿದರು. “ಯಾಕ, ಏನಾತು?”

“ತಪ್ಪಾಗೇತಿ. ನನ್ನಿಂದ,” ಎಂದು ನೀಲಗಂಗಾ ಚಪ್ಪಲಿ ಮೆಟ್ಟಿದಳು.

ಎರಡು ಗಂಟೆಗೆ ಅವಳು ಮತ್ತೆ ತನ್ನ ಕುರ್ಚಿಯಲ್ಲಿದ್ದಳು. ಫಿಲಂ ಹಾಕಲಿಲ್ಲ. ವಕೀಲರ ಮನೆಯಲ್ಲಿ ವಶಪಡಿಸಿಕೊಂಡ ವಸ್ತುಗಳ ಪಟ್ಟಿಯನ್ನು ಕೊನೆಯಿಂದ ಹಿಂದಕ್ಕೆ ಓದತೊಡಗಿದಳು. ಯಂತ್ರ ಬಂದ ಮೇಲೆ ಆ ಪಟ್ಟಿಗಳನ್ನು ಮನುಷ್ಯರು ಓದುವುದೇ ನಿಂತುಹೋಗಿತ್ತು. ಮೂವತ್ತಮೂರು, ಛತ್ರಿ. ಮೂವತ್ತೆರಡು, ಕನ್ನಡಕದ ಡಬ್ಬಿ. ಇಪ್ಪತ್ತೇಳು, ಕೋಟಿನ ಜೇಬಿನಲ್ಲಿ ಅರ್ಧ ಖಾಲಿಯಾದ ಒಂದು ಮಾತ್ರೆ ಪಟ್ಟಿ, ಹುಬ್ಬಳ್ಳಿಯ ಡಾಕ್ಟರ ಚೀಟಿ ಸಮೇತ. ಹದಿನಾಲ್ಕು, ತಲೆದಿಂಬಿನ ಬಳಿ ಇನ್ನೊಂದು ಮಾತ್ರೆ ಪಟ್ಟಿ, ಅದೇ ವಾರದ ಅಂಗಡಿ ರಸೀದಿ ಸಮೇತ. ಎರಡಕ್ಕೂ ಹೆಸರು ಬೇರೆ, ಕಂಪನಿ ಬೇರೆ. ಔಷಧಗಳ ಕೋಶ ತೆರೆದು ನೋಡಿದಳು. ಎರಡರೊಳಗೂ ಇದ್ದದ್ದು ಡಿಜಾಕ್ಸಿನ್.

ಅವಳು ಬೆರಳು ಮಡಚಿ ಎಣಿಸಿದಳು. ಹುಬ್ಬಳ್ಳಿಯ ಚೀಟಿ ಸಾಯುವುದಕ್ಕೆ ಆರು ದಿನ ಮೊದಲಿನದು. ದಿನಕ್ಕೆರಡರಂತೆ ಹನ್ನೆರಡು ಮಾತ್ರೆ ಖಾಲಿ. ಹಳೆಯ ಪಟ್ಟಿಯಿಂದಲೂ ಅಷ್ಟೇ ಖಾಲಿ. ಹೊಸ ಡಾಕ್ಟರು ಬರೆದುಕೊಟ್ಟರು, ಹಳೆಯದನ್ನು ನಿಲ್ಲಿಸಿ ಎಂದು ಯಾರೂ ಹೇಳಲಿಲ್ಲ. ಗಲಗಲಿ ವಕೀಲರು ಶಿಸ್ತಿನ ಮನುಷ್ಯ, ಎರಡನ್ನೂ ತಪ್ಪದೆ ನುಂಗಿದರು. ಅಷ್ಟೇ. ಇಡೀ ಊರು ಒಂಬತ್ತು ದಿನ ನಾಲಿಗೆ ಚಪ್ಪರಿಸಿದ ಕೊಲೆ ಇಷ್ಟೇ ಆಗಿತ್ತು.

ಅವಳು ಆ ಸಂಗತಿಯನ್ನು ಹೊಸ ಸಾಕ್ಷ್ಯವಾಗಿ ಯಂತ್ರಕ್ಕೆ ಕೊಟ್ಟಳು. ಅಂಕ ತೊಂಬತ್ತೇಳರಿಂದ ತೊಂಬತ್ತೆಂಟಕ್ಕೆ ಏರಿತು.

ಫಿಲಮ್ಮಿಗೆ ಹೊಸದೊಂದು ದೃಶ್ಯ ಸೇರಿತ್ತು. ಫಕೀರವ್ವ ವಕೀಲರ ಎರಡು ಮಾತ್ರೆ ಪಟ್ಟಿಗಳನ್ನು ಕದ್ದು ನೋಡಿ, ತನ್ನ ಮೇಲೆ ಅನುಮಾನ ಬಾರದಂತೆ ಅದೇ ಔಷಧವನ್ನು ಹುಡುಕಿಕೊಂಡು ಹೋಗುತ್ತಾಳೆ. ನಿಜವಾದ ಸುಳಿವನ್ನು ಯಂತ್ರ ದಾರಿತಪ್ಪಿಸುವ ಸುಳಿವು ಎಂದು ಓದಿಕೊಂಡಿತ್ತು. ಐದನೇ ಫಾರ್ಮಾದಲ್ಲಿ ಸಿಗುವ ಸುಳಿವನ್ನು ಯಾವ ಪತ್ತೇದಾರ ತಾನೇ ನಂಬುತ್ತಾನೆ?

ಎರಡೂ ನಲವತ್ತಕ್ಕೆ ಜಯಸಿಂಹ ಹೆಚ್ಚುಕಡಿಮೆ ಓಡುತ್ತಲೇ ಬಂದರು. ಕೈಯಲ್ಲಿ ಒಂದು ಕಾಗದ.

“ಮುಗೀತು ನೋಡಿ. ಒಪ್ಕೊಂಡ್ಲು. ಈಗಷ್ಟೇ ಹೇಳಿಕೆ ಬಂತು.”

ನೀಲಗಂಗಾ ಓದಿದಳು. ಎಲ್ಲವೂ ಇತ್ತು. ಅತ್ತಿತ್ತ ನೋಡಿದ್ದು, ನಕ್ಕದ್ದು, ನೀಲಿ ಸೀಸೆ. ಕೆಳಗೆ ಹೆಬ್ಬೆರಳಿನ ಗುರುತು.

“ಸರ್, ಈ ಸೀಸೆ ಇಲ್ಲರೀ. ಎಲ್ಲೂ ಇಲ್ಲ. ಅದು ನಮ್ಮ ಅತ್ತಿ ಛಾಪಖಾನಿ ಪುಸ್ತಕದಾಗಿನ ಸೀಸೆ.” ಅವಳು ಎಲ್ಲವನ್ನೂ ಹೇಳಿದಳು. ಚೀಲ, ಖಾಲಿ ಕಾಲಂ, ಫಾರ್ಮಾ, ಎರಡು ಮಾತ್ರೆ ಪಟ್ಟಿ.

ಜಯಸಿಂಹ ಕೇಳಿಸಿಕೊಂಡರು. ಮುಖ ಮಾತ್ರ ಗಟ್ಟಿಯಾಯಿತು. “ಇಲ್ಲದ ಸೀಸೆ ಅವಳಿಗೆ ಹೇಗೆ ಗೊತ್ತಾಯ್ತು ಹಾಗಾದ್ರೆ?”

“ಒಂಬತ್ತು ದಿನ ತೋರ್ಸೀವಲ್ಲರೀ.”

“ನೋಡಮ್ಮ, ಮಾಡದೆ ಇರೋ ಕೊಲೆನ ಯಾರಾದ್ರೂ ಮಾಡಿದೀನಿ ಅಂತಾರಾ? ಮೂವತ್ತೆಂಟು ಜನ? ಎಲ್ಲರಿಗೂ ತಲೆ ಕೆಟ್ಟಿತ್ತಾ?” ಅವರು ಗಡಿಯಾರ ನೋಡಿದರು. “ಸುಸ್ತಾಗಿದೀರಿ. ಸ್ವಲ್ಪ ಹೊತ್ತು ಕೂತ್ಕೊಳ್ಳಿ. ಮೂರೂವರೆಗೆ ಬರ್ತೀನಿ. ನೀವು ಮಾಡದಿದ್ರೆ ನಿಮ್ಮ ಬದಲು ನಾನೇ ಸೈನ್ ಮಾಡಬಹುದು, ಆ ಅಧಿಕಾರ ನನಗಿದೆ. ವಿಷಯಾನ ಅಷ್ಟು ದೂರ ತಗೊಂಡು ಹೋಗ್ಬೇಡಿ.”

ಅವರು ಹೋದ ಮೇಲೆ ನೀಲಗಂಗಾ ಯೋಚಿಸಿದಳು. ಮಾತಿನಿಂದ ಈ ಮನುಷ್ಯನನ್ನು ಅಲುಗಿಸಲು ಆಗುವುದಿಲ್ಲ. ಕೊಂದವರು ಯಾರೂ ಇಲ್ಲ ಎಂದು ಅವರೇ ಕಣ್ಣಾರೆ ಕಂಡ ಒಂದು ಸಾವು ಬೇಕು. ಅಂಥದ್ದು ಅವಳ ಬಳಿ ಒಂದಿತ್ತು. ಅದನ್ನು ಮುಟ್ಟಲು ಅವಳಿಗೆ ಮನಸ್ಸಿರಲಿಲ್ಲ. ಗಡಿಯಾರ ಎರಡೂ ಐವತ್ತೈದು ತೋರಿಸುತ್ತಿತ್ತು. ಅವಳು ಹೊಸ ಪ್ರಕರಣ ತೆರೆದು ಸತ್ತವರ ಹೆಸರಿನ ಮುಂದೆ ‘ಮಹಾಂತೇಶ ಬೆಳವಟಗಿ’ ಎಂದು ತುಂಬಿದಳು.

ಮಹಾಂತೇಶ ಅವಳ ಗಂಡ. ಇದೇ ಕೇಂದ್ರದಲ್ಲಿ ಇಂಜಿನಿಯರ್ ಆಗಿದ್ದವನು. ಆರು ವರ್ಷದ ಹಿಂದೆ ಒಂದು ಬೆಳಿಗ್ಗೆ ಚಹಾ ಕುಡಿಯುತ್ತ ಪೇಪರ್ ಓದುತ್ತಿದ್ದವನು ಹಾಗೇ ಪಕ್ಕಕ್ಕೆ ವಾಲಿದ. ಹುಟ್ಟಿನಿಂದಲೇ ಎದೆಯ ಕವಾಟ ಕೆಟ್ಟಿತ್ತು ಎಂದು ಆಸ್ಪತ್ರೆಯವರು ಬರೆದುಕೊಟ್ಟಿದ್ದರು. ಅವಳು ಆ ದಿನದ ಸಂಗತಿಗಳನ್ನು ಒಂದೂ ಬಿಡದೆ, ಒಂದೂ ಸೇರಿಸದೆ ಕೊಟ್ಟಳು. ಆಸ್ಪತ್ರೆಯ ವರದಿಯನ್ನೂ ಲಗತ್ತಿಸಿದಳು. ಹೇಳಿಕೆಗಳ ನಡುವೆ ಒಂದು ಸಾಲು ತಾನಾಗಿಯೇ ಬಂತು: ಹೆಂಡತಿ ಚಹಾ ತಂದಿಟ್ಟು ಒಳಗೆ ಹೋದಳು.

ಯಂತ್ರ ಇಪ್ಪತ್ತು ನಿಮಿಷ ತೆಗೆದುಕೊಂಡಿತು.

ಪರದೆಯ ಮೇಲೆ ಅವಳದೇ ಅಡುಗೆಮನೆ ಮೂಡಿತು. ಒಲೆಯ ಮುಂದೆ ಅವಳೇ ನಿಂತಿದ್ದಾಳೆ, ಆರು ವರ್ಷ ಚಿಕ್ಕವಳು. ಹೊರಗಿನಿಂದ ಮಹಾಂತೇಶನ ಧ್ವನಿ: “ಏ ನೀಲಾ, ಚಾ ಆತೇನ?” ಅದೇ ಧ್ವನಿ, ಒಂದು ಎಳೆಯೂ ತಪ್ಪಿಲ್ಲ. ಅವಳಿಗೆ ಅಳು ಉಕ್ಕಿತು. ಅಷ್ಟರಲ್ಲಿ ಪರದೆಯ ನೀಲಗಂಗಾ ಹೆಗಲ ಮೇಲಿನಿಂದ ಹಿಂದೆ ನೋಡಿ, ಸಕ್ಕರೆ ಡಬ್ಬಿಯ ಹಿಂದಿನಿಂದ ನೀಲಿ ಸೀಸೆ ತೆಗೆದಳು. ಎಷ್ಟು ಸಹಜವಾಗಿ ತೆಗೆದಳೆಂದರೆ ದಿನಾ ತೆಗೆಯುವವಳ ಹಾಗೆ. ಮೂರು ಹನಿ. ಆಮೇಲೆ ಸಕ್ಕರೆ, ಚಮಚ, ಕಪ್ಪು-ಬಸಿ. ಹಿಂದಿನ ರಾತ್ರಿ ಗಂಡಹೆಂಡಿರ ನಡುವೆ ಒಂದು ಜಗಳವನ್ನೂ ಯಂತ್ರ ಹೊಲಿದಿತ್ತು. ಆ ಜಗಳ ಆಗಿತ್ತೋ ಇಲ್ಲವೋ? ಆಗಿತ್ತು ಅನಿಸಿತು. ಆ ದಿನ ಚಹಾಕ್ಕೆ ನಾನು ಏನೇನು ಹಾಕಿದೆ? ನೆನಪು ಮಾಡಿಕೊಳ್ಳಲು ಹೋದರೆ ಅವಳ ಕಣ್ಣ ಮುಂದೆ ಬಂದದ್ದು ಈಗ ತಾನೇ ಕಂಡ ಮೂರು ಹನಿ. ಬೇರೆ ಏನೂ ಬರಲಿಲ್ಲ.

“ಇದೇನಿದು?”

ಜಯಸಿಂಹ ಯಾವಾಗ ಬಂದರೋ ಗೊತ್ತಿಲ್ಲ, ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಪರದೆಯ ಮೇಲೆ ಮಹಾಂತೇಶ ವಾಲಿದ. ಪರದೆಯ ಹೆಂಡತಿ ನಿಧಾನವಾಗಿ ಕಪ್ಪು ತೊಳೆದಿಟ್ಟು ಆಮೇಲೆ ಚೀರಿದಳು. ಅಂಕ ಬಂತು. ತೊಂಬತ್ತಾರು.

“ಸುಳ್ಳು,” ಎಂದರು ಜಯಸಿಂಹ. “ಅವನನ್ನ ಆಸ್ಪತ್ರೆಗೆ ಕರ್ಕೊಂಡು ಹೋದವನೇ ನಾನು. ನನ್ನ ಕಾರಲ್ಲಿ. ನೀವು ಹಿಂದೆ ಕೂತು ಅವನ ತಲೆ ಹಿಡ್ಕೊಂಡಿದ್ರಿ. ಡಾಕ್ಟ್ರು ನನ್ನ ಮುಂದೇನೇ ಹೇಳಿದ್ರು.”

“ಹೌದ್ರಿ.”

“ಮತ್ತೆ ಇದು?”

“ಇದು ಪ್ರತ್ಯಕ್ಷ ಸರ್. ತೊಂಬತ್ತಾರು. ಚಾ ತಂದಾಕಿ ನಾನು.” ನೀಲಗಂಗಾ ಎರಡು ಸಹಿ ನಮೂನೆಗಳನ್ನು ಅವರ ಮುಂದೆ ಪಕ್ಕಪಕ್ಕದಲ್ಲಿ ಇಟ್ಟಳು. “ಫಕೀರವ್ವಂದು ಇದು, ನಂದು ಇದು. ಕಳಸೋದಾದ್ರ ನಾಕಕ್ಕ ಎರಡೂ ಕಳಸ್ರಿ. ಒಂದು ಖರೇ, ಒಂದು ಸುಳ್ಳು ಅಂತ ಹೆಂಗ ಹೇಳ್ತೀರಿ?”

ಜಯಸಿಂಹ ಕುರ್ಚಿ ಎಳೆದುಕೊಂಡು ಕೂತರು. ಮೂರೂ ಮೂವತ್ತೈದು. ಅವರು ಎರಡು ಕಾಗದಗಳನ್ನೂ ನೋಡುತ್ತಲೇ ಇದ್ದರು. “ಆದ್ರೆ ಅವರೆಲ್ಲಾ ಒಪ್ಕೊಂಡ್ರಲ್ಲಮ್ಮ,” ಎಂದು ಕೊನೆಗೆ ಹೇಳಿದರು. ಈ ಸಲ ಅದು ವಾದವಾಗಿರಲಿಲ್ಲ.

“ಒಂದು ಸಲ ನೋಡೀನಿ ಸರ್, ಆ ಮೂರು ಹನಿ ಹಾಕೀನೇನೋ ಅನಿಸಾಕ ಹತ್ತೇತಿ. ಒಂಬತ್ತು ದಿನ ತೋರಿಸ್ರಿ, ನಾನೂ ಹೆಬ್ಬಟ್ಟು ಒತ್ತತೀನಿ.”

ಅವರು ಕನ್ನಡಕ ತೆಗೆದು ಮುಖ ಒರೆಸಿಕೊಂಡರು. ಒಂದು ಪ್ರಕರಣ ತಡೆದರೆ ಅಲ್ಲಿಗೆ ನಿಲ್ಲುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ನಲವತ್ತೊಂದೂ ತೆರೆಯಬೇಕು. ಕೇಂದ್ರ ಉಳಿಯುವುದಿಲ್ಲ, ಅವರ ಹೆಸರೂ ಉಳಿಯುವುದಿಲ್ಲ. ನೀಲಗಂಗಾ ತನ್ನ ಹೇಳಿಕೆಯನ್ನು ಬರೆಯತೊಡಗಿದಳು: ಕಲ್ಪಿತ ಪುಸ್ತಕಗಳನ್ನು ಅಪರಾಧ ಎಂಬ ತಲೆಬರಹದಡಿ ಹಾಕಿದವಳು ನಾನು, ಮುಂದಿನ ಕಾಲಂ ಖಾಲಿ ಬಿಟ್ಟವಳೂ ನಾನು. ನಾಲ್ಕಕ್ಕೆ ಎಂಟು ನಿಮಿಷ ಇರುವಾಗ ಜಯಸಿಂಹ ಎದ್ದು ಕೋರ್ಟಿಗೆ ಹೋಗುವ ಸಂಪರ್ಕವನ್ನು ತಾವೇ ಕಡಿದರು. ಆಮೇಲೆ ಅವಳ ಹೇಳಿಕೆಯ ಕೆಳಗೆ, ಅವಳ ಸಹಿಗಿಂತ ಮೊದಲು, ತಮ್ಮ ಸಹಿ ಹಾಕಿದರು. ಅವರ ಮೇಲೆ ಅವಳಿಗೆ ಎಂದೂ ಇಲ್ಲದಷ್ಟು ಗೌರವ ಹುಟ್ಟಿತು.

ಐದು ಗಂಟೆಗೆ ನೀಲಗಂಗಾ ಬಂಧನದ ಕೋಣೆಗೆ ಹೋದಳು. ಫಿಲಂ ನಿಲ್ಲಿಸಿದ್ದರು. ಖಾಲಿ ಗೋಡೆಯನ್ನೇ ನೋಡುತ್ತ ಫಕೀರವ್ವ ಚಾಪೆಯ ಮೇಲೆ ಕೂತಿದ್ದಳು. ಎದುರು ಕೂತು ನೀಲಗಂಗಾ ನಿಧಾನವಾಗಿ ಎಲ್ಲ ಹೇಳಿದಳು. ಮಾತ್ರೆ, ಯಂತ್ರ, ಪುಸ್ತಕ. ನಾಳೆ ಬೆಳಿಗ್ಗೆ ಬಿಡುತ್ತಾರೆ ಎಂದಳು.

ಫಕೀರವ್ವ ಸಂತೋಷಪಡಲಿಲ್ಲ. “ಬ್ಯಾಡ್ರಿ ಅಕ್ಕಾರ,” ಎಂದಳು. “ಪಾಪ ಕಟ್ಕೋಬ್ಯಾಡ್ರಿ ನನ್ನ ಸಲುವಾಗಿ. ನಾ ಮಾಡೀನಿ.”

“ನೀ ಮಾಡಿಲ್ಲ ಫಕೀರವ್ವ.”

“ನಿಮಗ ಹೆಂಗ ಗೊತ್ತು? ನೀವು ಅಲ್ಲಿದ್ರೇನು? ನಾ ಕಣ್ಣಾರೆ ನೋಡೀನಿ.”

ತಾನು ಮಾಡಿದ್ದು ಎಷ್ಟು ದೊಡ್ಡ ಅನ್ಯಾಯ ಎಂದು ನೀಲಗಂಗಾಳಿಗೆ ಆ ಕ್ಷಣ ಪೂರ್ತಿ ಅರ್ಥವಾಯಿತು. ಜೈಲಿನ ಬಾಗಿಲು ತೆಗೆಯಬಹುದು. ಇದನ್ನು ಹೇಗೆ ತೆಗೆಯುವುದು? ಇಲ್ಲ, ಮಾಡಿಲ್ಲ ಎಂದು ನೂರು ಸಲ ಹೇಳಿದರೂ ಅದು ಇನ್ನೊಬ್ಬರ ಕಥೆಯೇ ಆಗುತ್ತದೆ. ಅವಳು ಕೊನೆಗೆ ಚಾಪೆಯ ಮೇಲೆ ಇನ್ನಷ್ಟು ಹತ್ತಿರ ಸರಿದು ಕೂತಳು.

“ಆತು. ಆ ದಿನದ್ದು ನೀನ ಹೇಳು. ಮುಂಜಾನೆ ಒಲಿ ಹಚ್ಚಿದ್ದರಿಂದ ಹೇಳು.”

“ಒಲೀ ಏನ್ ಹೇಳೂದ್ರಿ? ದಿನಾ ಹಚ್ಚತೀನಿ.”

“ಆ ದಿನದ ಹಿಟ್ಟು ಹೆಂಗಿತ್ತು?”

“ಹಿಟ್ಟು ಹಳೇದಿತ್ತು,” ಎಂದಳು ಫಕೀರವ್ವ. “ಜಿಗಿ ಇರಲಿಲ್ಲ. ಬಡೀತಿದ್ರ ಅಂಚು ಸೀಳತಿತ್ತು. ಬಿಸಿ ನೀರು ಹಾಕಿ ನಾದಿದೆ. ನಲವತ್ತು ಬಡಿದ್ನಿ, ಮೂರು ಹರದ್ವು.” ಮಾತು ಮೆಲ್ಲಗೆ ದಾರಿ ಹಿಡಿಯಿತು. ಬದನೆಕಾಯಿ ಎಣ್ಣೆಗಾಯಿ ಮಾಡಿದ್ದು, ಬೇಳೆಗೆ ಉಪ್ಪು ಕಡಿಮೆಯಾಗಿ ಮತ್ತೆ ಹಾಕಿದ್ದು, ಚಪ್ಪಲಿಯ ಉಂಗುಷ್ಠ ಕಿತ್ತು ಬರಿಗಾಲಲ್ಲಿ ಹೊರಟದ್ದು. ಈ ಯಾವುದೂ ಫಿಲಮ್ಮಿನಲ್ಲಿ ಇರಲಿಲ್ಲ. ಬಿಸಿಲಿಗೆ ರಸ್ತೆ ಕಾದಿತ್ತು, ಅವಳು ನೆರಳು ಹಿಡಿದು ನಡೆದಿದ್ದಳು. ವಕೀಲರ ಬಾಗಿಲಿಗೆ ಬಂದಾಗ ಅವಳ ಮಾತು ನಿಂತಿತು. ಕಣ್ಣು ಮತ್ತೆ ಗೋಡೆಗೆ ಹೋಯಿತು.

“ಬಾಗಲಾ ತಗದ್ರು,” ಎಂದಳು ಬೇರೆಯದೇ ದನಿಯಲ್ಲಿ. “ಒಳಗ ಹ್ವಾದ್ರು. ನಾ ಆ ಕಡೆ ಈ ಕಡೆ ನೋಡಿದ್ನಿ. ಸೀಸೆ ತಗದ್ನಿ.”

“ಬುತ್ತಿ ಎಲ್ಲಿದ್ವು ಆವಾಗ?”

“ಕೈಯಾಗ್ರಿ.”

“ಎಷ್ಟು?”

“ಆರು ಈ ಕೈಯಾಗ, ಆರು ಈ ಕೈಯಾಗ. ಇನ್ನೂ ಹನ್ನೊಂದು ಮನಿ ಇತ್ತಲ್ಲರಿ.” ಅವಳು ಹಾಗೆನ್ನುತ್ತ ಎರಡೂ ಮುಷ್ಟಿಗಳನ್ನು ಮುಂದೆ ಚಾಚಿದಳು, ಡಬ್ಬಿಗಳ ಭಾರಕ್ಕೆ ಜಗ್ಗಿದಂತೆ.

“ಕೆಳಗ ಇಟ್ಟೇನು?”

“ಏ, ಬುತ್ತಿ ನೆಲಕ್ಕ ಇಡೂದೇನ್ರಿ?” ಫಕೀರವ್ವ ತಟ್ಟನೆ ಅವಳ ಕಡೆ ತಿರುಗಿದಳು. ಒಂಬತ್ತು ದಿನಗಳಲ್ಲಿ ಮೊದಲ ಸಲ ಅವಳ ದನಿಯಲ್ಲಿ ಸಿಟ್ಟು ಬಂದಿತ್ತು. “ಮಂದಿ ಉಣ್ಣೋ ಅನ್ನ. ನಮ್ಮವ್ವ ಇಡಾಕ ಬಿಡ್ತಿರಲಿಲ್ಲ, ನಾ ಎಂದೂ ಇಟ್ಟಿಲ್ಲ. ವಕೀಲರು ತಮ್ಮದನ್ನ ತಾವ ಬೆರಳಿಂದ ಬಿಡಿಸಿಕೊಂಡು, ಖಾಲಿ ಡಬ್ಬಿ ಅದ ಬೆರಳಿಗೆ ಸಿಗಿಸ್ತಿದ್ರು. ಮ್ಯಾಲ ಒಂದು ಮಾತು ಹೇಳ್ತಿದ್ರು, ಬಿಸಲಾಗ ಸಾವಕಾಶ ಹೋಗವಾ ಅಂತ. ಆ ದಿನಾನೂ ಅಂದ್ರು...”

ಅವಳು ನಿಲ್ಲಿಸಿದಳು. ಮುಂದೆ ಚಾಚಿದ್ದ ಎರಡು ಮುಷ್ಟಿಗಳನ್ನು ನೋಡಿದಳು. ಎಡಗೈ ನೋಡಿದಳು, ಬಲಗೈ ನೋಡಿದಳು. ಎರಡೂ ತುಂಬಿದ್ದವು.

“ಸೀಸೆ ಯಾವ ಕೈಯಾಗ ಹಿಡಿದಿದ್ದೆ ಫಕೀರವ್ವ?”

ಫಕೀರವ್ವನ ಮುಷ್ಟಿಗಳು ಮೆಲ್ಲಗೆ ಬಿಚ್ಚಿಕೊಂಡು ತೊಡೆಯ ಮೇಲೆ ಬಿದ್ದವು. ಕೊಂದವಳಾಗಿ ಒಂಬತ್ತು ದಿನ ಅವಳು ಒಂದು ಹನಿ ಕಣ್ಣೀರು ಹಾಕಿರಲಿಲ್ಲ, ಹಾಕುವ ಹಕ್ಕು ತನಗಿಲ್ಲ ಎಂದುಕೊಂಡಿದ್ದಳು.

“ಹಂಗಾರ ಸತ್ರೇನ್ರಿ ಅವ್ರು?” ಎಂದಳು, ಈಗಷ್ಟೇ ಸುದ್ದಿ ಕೇಳಿದವಳಂತೆ. “ನಾಕು ವರ್ಷ ನನ್ನ ರೊಟ್ಟಿ ಉಂಡ ಮನಷ್ಯಾರೀ.”

ಹಾಗೆಂದವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಗಲಗಲಿ ವಕೀಲರಿಗಾಗಿ ಅಳತೊಡಗಿದಳು.